ಚಲುವನಾರಾಯಣರ ‘ಬಹಳ ಸಂತೋಷ’

ಚಲುವನಾರಾಯಣರಿಗೆ ಹಾಲು ಕಂಡರಾಗದು. ಚಿಕ್ಕಂದಿನಿಂದಲೂ ಅಷ್ಟೆ, ಕೆನೆ ತುಟಿಗೆ ತಾಗಿದರೆ ಮೈಯೆಲ್ಲ ಜುಂ ಎನ್ನುತ್ತಿತ್ತು. ಅಂಥವರು ಅರ್ಧ ಆಯುಷ್ಯವನ್ನು ಹಾಲು ಕುಡಿಯುತ್ತಲೇ ಕಳೆಯಬೇಕಾಗಿ ಬಂದದ್ದು ಉದ್ಯೋಗದ ದೆಸೆಯಿಂದ.

ಉದ್ಯೋಗವೇನೂ ಡೇರಿಯಲ್ಲಿರಲಿಲ್ಲ. ಚನ್ನರಾಯಪಟ್ಟಣದ ಹೊರಗೆ, ತೆಂಗಿನಕಾಯಿ ತುರಿದು ಒಣಗಿಸಿ ಬಿಸ್ಕತ್ತಿನ ಕಂಪನಿಗಳಿಗೆ ಕಳಿಸುವ ಮೈನಾ ಮಾರ್ಕಿನ ಕಾಯಿಪುಡಿ ಕಾರ್ಖಾನೆಯಲ್ಲಿ ಅವರು ಪರ್ಚೇಸ್ ಆಫೀಸರ್. ಆಫೀಸರ್ ಎಂದರೆ ಮೇಜು ಕುರ್ಚಿಯ ಆಫೀಸರ್ ಅಲ್ಲ. ಬೆಳಗಾದರೆ ಎಂ-80 ಗಾಡಿ ಹತ್ತಿ ನುಗ್ಗೇಹಳ್ಳಿ, ದುದ್ದ ಎಂದು ತೋಟ ತೋಟ ಸುತ್ತಬೇಕು. ಯಾರ ತೋಟದಲ್ಲಿ ಕಾಯಿ ಬಲಿತಿದೆ, ಯಾರು ಯಾವತ್ತು ಕೆಡವಿಸುತ್ತಾರೆ ಎಂದು ನೋಡಿಕೊಂಡು, ಲೋಡು ಕಾರ್ಖಾನೆಗೆ ಬರುವ ಹಾಗೆ ಮಾತಾಡಿಕೊಂಡು ಬರಬೇಕು.

ಮಾತಾಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ. ತಂದೆಯವರು ಪಾರಾಯಣಕ್ಕೆ ಕೂತರೆ ಹೊಳೆಗೆ ನೀರಿಗೆ ಹೊರಟವರು ಕೊಡ ಇಳಿಸಿ ನಿಲ್ಲುತ್ತಿದ್ದರಂತೆ. ಆ ಕಂಠ ಮಗನಿಗೂ ಬಂದಿತ್ತು. ಪಾರಾಯಣ ಮಾತ್ರ ಬರಲಿಲ್ಲ, ಬಿ.ಕಾಂ. ಬಂತು. ಹೀಗಾಗಿ ಲೋಕಕಲ್ಯಾಣಕ್ಕೆ ಸಲ್ಲಬೇಕಾಗಿದ್ದ ದನಿ ತೆಂಗಿನಕಾಯಿಗೆ ಸಂದಿತು.

ಕಷ್ಟವಿದ್ದದ್ದು ಆಮೇಲೆ. ‘ದೇವಸ್ಥಾನದ ಬೀದಿಯೋರು, ನಮ್ಮನೇಲಿ ಉಣ್ಣಾಕಿಲ್ಲ’ ಎಂದು ರೈತರು ತಾವೇ ತೀರ್ಮಾನಿಸಿಕೊಂಡು, ಊಟದ ಬದಲು ಒಂದು ಚೊಂಬು ಹಾಲು ಕಾಸಿ ತಂದಿಡುತ್ತಿದ್ದರು. ಉಣ್ಣುವುದಿಲ್ಲ ಎಂದು ಚಲುವನಾರಾಯಣರು ಯಾವತ್ತೂ ಹೇಳಿದವರಲ್ಲ. ಒಳಗೆ ರೊಟ್ಟಿ ಬೇಯುವ ವಾಸನೆ, ಹುಚ್ಚೆಳ್ಳು ಚಟ್ನಿಯ ಘಮ ಜಗಲಿಗೆ ಬಂದಾಗ ಅವರ ಬಾಯಲ್ಲಿ ನೀರೂರುತ್ತಿತ್ತು. ಆದರೆ ಕೇಳುವುದಕ್ಕೆ ಸಂಕೋಚ. ಬಂದ ಹೊಸದರಲ್ಲಿ ಕೇಳಬೇಕಿತ್ತು, ಕೇಳಲಿಲ್ಲ. ವರ್ಷಗಳಾದ ಮೇಲೆ ಕೇಳಿದರೆ ಇಷ್ಟು ದಿನ ಕುಡಿದ ಹಾಲಿಗೆ ಏನು ಸಮಾಧಾನ ಹೇಳುವುದು?

ಹೆಚ್ಚು ಹಾಲು ಕುಡಿಸಿದವಳು ನುಗ್ಗೇಹಳ್ಳಿಯ ಚಿಕ್ಕಲಕ್ಷ್ಮಮ್ಮ. ಆಕೆಯ ಮಗ ನಂಜಪ್ಪನ ತೋಟದ್ದು ಆ ಕಡೆಗೇ ಒಳ್ಳೆಯ ಕಾಯಿ. ಮಿಕ್ಕ ಮನೆಗಳಲ್ಲಾದರೆ ಯಾರೂ ನೋಡದಾಗ ಒಂದಿಷ್ಟನ್ನು ತುಳಸಿ ಗಿಡದ ಬುಡಕ್ಕೆ ಹೊಯ್ಯಬಹುದಿತ್ತು. ಚಿಕ್ಕಲಕ್ಷ್ಮಮ್ಮ ಎದುರಿಗೇ ಕುಕ್ಕರಗಾಲಲ್ಲಿ ಕೂತು ಗಂಟಲನ್ನೇ ನೋಡುತ್ತಿದ್ದಳು.

“ತಳದಾಗೆ ಸಕ್ಕರೆ ಅದೆ ಸ್ವಾಮಿ, ಅಲ್ಲಾಡಿಸ್ಕಂಡು ಕುಡೀರಿ.”

ಕುಡಿಯುತ್ತಿದ್ದರು. ಒಂದು ಮಳೆಗಾಲ ಆ ಜಗಲಿಯ ಮೇಲೇ ಚಳಿಜ್ವರ ಬಂದು ಅವರು ಮುದುಡಿ ಮಲಗಿದಾಗ, ತನ್ನ ಕಂಬಳಿಯನ್ನು ತಂದು ಹೊದಿಸಿದವಳೂ ಅವಳೇ. ಹೊತ್ತಿಳಿಯುವವರೆಗೆ ಪಕ್ಕದಲ್ಲಿ ಕೂತಿದ್ದಳು. ಆಗಲೂ ಹಾಲು ಕುಡಿಸಿದಳು, ಅದು ಬೇರೆ ಮಾತು. ಬೇರೆ ಕಾರ್ಖಾನೆಯವರು ನಂಜಪ್ಪನನ್ನು ಸುತ್ತುವರಿದು ಪುಸಲಾಯಿಸಿದಾಗೆಲ್ಲ, “ಅಯ್ನೋರ್ಗೆ ಮಾತು ಕೊಟ್ಟೀವಿ ಕಣ್ಲಾ” ಎಂದು ಮಗನನ್ನು ಗದರಿ ಮೊದಲ ಲೋಡು ಮೈನಾ ಮಾರ್ಕಿಗೇ ಕಳಿಸುತ್ತಿದ್ದಳು. ಚಲುವನಾರಾಯಣರ ಉದ್ಯೋಗದ ಅಡಿಪಾಯ ಎಲ್ಲಿದೆ ಎಂದು ಯಾರಾದರೂ ಅಗೆದು ನೋಡಿದ್ದರೆ ಆ ಜಗಲಿಯ ಕಲ್ಲು ಸಿಕ್ಕುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಕಾರ್ಖಾನೆಯ ಮಾಲೀಕ ಗೌರೀಶಂಕರರು ಬೆಂಗಳೂರಿನಲ್ಲಿ ಯಾವುದೋ ಸೆಮಿನಾರಿಗೆ ಹೋಗಿ ಬಂದರು. ಬಂದವರೇ ಚಲುವನಾರಾಯಣರನ್ನು ಕರೆಸಿದರು.

“ಏನ್ರೀ ನಾರಾಯಣ್, ಕಾಯಿ ಕೊಡೋ ರೈತರ ಜೊತೆ ನಮ್ಮ ಸಂಬಂಧ ಯಾರ ಕೈಲಿದೆ?”

“ನನ್ನ ಕೈಲಿದೆ ಸರ್,” ಎಂದರು ಚಲುವನಾರಾಯಣರು, ಸ್ವಲ್ಪ ಹೆಮ್ಮೆಯಿಂದಲೇ.

“ಅದೇ ತಪ್ಪು. ನೀವು ಹೋದ ದಿನ ಅದೂ ಹೋಗುತ್ತೆ. ಸಪ್ಲೈಯರ್ ರಿಲೇಷನ್‌ಶಿಪ್ ಅಂದ್ರೆ ಅದು ಕಂಪ್ಯೂಟರ್ ಕೈಲಿರಬೇಕು.”

“ನಾನೆಲ್ಲಿಗೆ ಹೋಗ್ತೀನಿ ಸರ್?”

“ಕಂಪ್ಯೂಟರ್ ಹೀಗೆ ಎದುರು ಪ್ರಶ್ನೆ ಕೇಳಲ್ಲ ನೋಡಿ.”

ಹಾಸನದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಪ್ರದ್ಯುಮ್ನ ಎಂಬಾತ ಬಂದು ಒಂದು ಯಂತ್ರ ಕೂರಿಸಿದ. ಅದು ಪ್ರತಿ ರೈತನಿಗೂ ತಾನೇ ಫೋನ್ ಮಾಡುತ್ತದೆ, ಲೋಡು ಯಾವಾಗ ಬೇಕೆಂದು ಹೇಳುತ್ತದೆ, ರೈತ ಒಂದು ಒತ್ತಿದರೆ ಒಪ್ಪಿಗೆ, ಎರಡು ಒತ್ತಿದರೆ ಇಲ್ಲ. ಒಪ್ಪಿ ಕಳಿಸಿದವನಿಗೆ ಹಸಿರು ಅಂಕ, ಇಲ್ಲ ಎಂದವನಿಗೂ ತಪ್ಪಿದವನಿಗೂ ಕೆಂಪು. ಯಂತ್ರಕ್ಕೆ ಬೇಕಾದದ್ದು ಒಂದು ದನಿ.

“ನಾರಾಯಣ್ ಬಾಯಲ್ಲಿ ಬೆಲ್ಲ ಇದೆ. ಅದನ್ನೇ ಹಾಕಿ,” ಎಂದರು ಗೌರೀಶಂಕರರು.

ಚಲುವನಾರಾಯಣರು ಕುಣಿದಾಡಿದರು ಎಂದರೆ ಅತಿಶಯೋಕ್ತಿಯಲ್ಲ. ಇನ್ನು ಊರೂರು ತಿರುಗುವಂತಿಲ್ಲ. ಹಾಲು ಬೇಕಾದರೆ ಯಂತ್ರವೇ ಕುಡಿಯಲಿ! ತೆಂಗಿನ ಸಿಪ್ಪೆಯ ಮೂಟೆಗಳ ನಡುವೆ, ಹೊರಗಿನ ಸದ್ದು ಕೇಳದ ಉಗ್ರಾಣದಲ್ಲಿ ಕೂತು ಮೈಕಿಗೆ ಬಾಯಿಟ್ಟರು. ಪ್ರದ್ಯುಮ್ನ ಬರೆದು ತಂದದ್ದು ಇಷ್ಟೆ: ‘ನಾಡಿದ್ದು ನಿಮ್ಮ ಲೋಡು ಬರಬೇಕು.’

“ಹೀಗೆ ಕತ್ತಿನ ಪಟ್ಟಿ ಹಿಡಿದು ಕೇಳಿದ ಹಾಗೆ ಕೇಳೋದೇನಪ್ಪಾ?” ಎಂದರು ಚಲುವನಾರಾಯಣರು. “ಮನೆಯವರ ಕ್ಷೇಮ ವಿಚಾರಿಸದೆ ಕಾಯಿ ಮಾತೆತ್ತಿದರೆ ನಮ್ಮ ಕಡೆ ಮರದ ಮೇಲಿನ ಕಾಯಿ ಮರದ ಮೇಲೇ ಇರುತ್ತೆ.”

“ವಿಚಾರಿಸಿ ಸಾರ್. ಆದರೆ ಅವರೇನು ಹೇಳಿದ್ರು ಅಂತ ಇದಕ್ಕೆ ತಿಳಿಯಲ್ಲ.”

“ತಿಳಿಯೋದೇನಿದೆ? ಚೆನ್ನಾಗಿದ್ದೀವಿ ಅಂತಾರೆ. ಇಷ್ಟು ವರ್ಷದಲ್ಲಿ ಎಲ್ಲರೂ ಅಷ್ಟೇ ಹೇಳಿರೋದು. ಅವರು ಹೇಳೋಕೆ ಒಂದಿಷ್ಟು ಬಿಡುವು ಕೊಡು. ಆಮೇಲೆ ‘ಬಹಳ ಸಂತೋಷ’ ಅಂತ ನಾನಂತೀನಿ.”

ಹೀಗೆ ಅವರೇ ಪದ ಕೊಟ್ಟು, ಅವರೇ ಬಿಡುವು ಕೊಟ್ಟು, ಅವರೇ ಸಂತೋಷಪಟ್ಟರು. ಶುರುವಿನಲ್ಲಿ ‘ನಾನು ಚಲುವನಾರಾಯಣ’ ಎನ್ನುವ ಮೊದಲು ಒಂದು ಸಣ್ಣ ಕೆಮ್ಮು ಬಂದುಬಿಟ್ಟಿತು. ಸಹಜವಾಗಿದೆ ಎಂದು ಪ್ರದ್ಯುಮ್ನ ಅದನ್ನೂ ಉಳಿಸಿಕೊಂಡ.

“ಉತ್ತರ ಒತ್ತದೆ ಸುಮ್ಮನೆ ಹಿಡಿದುಕೊಂಡು ನಿಂತರೆ?” ಎಂದು ಚಲುವನಾರಾಯಣರು ಕೇಳಿದರು.

“ರೈತರು ನಿಧಾನ ಸಾರ್, ಯೋಚನೆ ಮಾಡಲಿ. ಒಂದೋ ಎರಡೋ ಒತ್ತೋವರೆಗೂ ಇದು ಜಾಗ ಬಿಟ್ಟು ಕದಲಲ್ಲ. ಮೊದಲಿಂದ ಹೇಳ್ತಾನೇ ಇರುತ್ತೆ.”

“ಫೋನ್ ಇಟ್ಟುಬಿಟ್ಟರೆ?”

“ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತೆ.”

“ಇದಕ್ಕೆ ನಾಚಿಕೆ ಇಲ್ಲವೇನಯ್ಯಾ?”

“ಹಾಕಿಲ್ಲ ಸಾರ್.”

ಎರಡು ಲೈನ್ ಇದ್ದರೆ ಚೆನ್ನ ಎಂದು ಪ್ರದ್ಯುಮ್ನ ಹೇಳಿ ನೋಡಿದ. ಒಂದು ಬಾಯಿಗೆ ಒಂದು ಲೈನ್ ಸಾಕು ಎಂದರು ಗೌರೀಶಂಕರರು. ರೈತರನ್ನು ಕಾರ್ಖಾನೆಗೆ ಕರೆಸಿ, ಖಾರಾಬೂಂದಿ ಕಾಫಿ ಕೊಟ್ಟು, ಇನ್ನು ಮುಂದೆ ಫೋನಿನಲ್ಲಿ ಮಾತಾಡುವುದು ಯಂತ್ರ ಎಂದು ತಿಳಿಸಿಯೂ ಆಯಿತು. ನಂಜಪ್ಪ ಒಬ್ಬ ಬರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಳು. ಆಮೇಲೆ ಅವನಿಗೆ ಹೇಳಿದರಾಯಿತು ಎಂದು ಚಲುವನಾರಾಯಣರು ಅಂದುಕೊಂಡರು. ಹೇಳಬೇಕಾದರೆ ನುಗ್ಗೇಹಳ್ಳಿಗೆ ಹೋಗಬೇಕು. ಹೋದರೆ ಹಾಲು. ಆ ವಾರ ಈ ವಾರ ಎಂದು ದಿನ ತಳ್ಳಿದರು.

ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರದ್ಯುಮ್ನ ಪಟ್ಟಿಯ ಮೊದಲಿಗೆ ಚಲುವನಾರಾಯಣರ ಮನೆಯ ನಂಬರನ್ನೇ ಹಾಕಿದ್ದ. ಹೀಗಾಗಿ ಅವರು ಬೆಳಿಗ್ಗೆ ಮನೆ ಬಿಟ್ಟ ಹಿಂದೆಯೇ ಅವರ ದನಿ ಮನೆಗೆ ಬರುತ್ತಿತ್ತು. ಹೈಸ್ಕೂಲಿನಲ್ಲಿ ಟೀಚರಾಗಿದ್ದ ಅವರ ಹೆಂಡತಿ ವೇದವತಿಯವರು ಒಂದು ಸಂಜೆ ಹೇಳಿದರು:

“ಮದುವೆಯಾದಾಗಿನಿಂದ ಒಂದು ದಿನ ನೀವು ನನ್ನ ಕ್ಷೇಮವೇ ಅಂತ ಕೇಳಿದ್ದಿಲ್ಲ ಕಣ್ರೀ. ಆತ ದಿನಾ ಕೇಳ್ತಾರೆ.”

“ಆತ ಅಂದ್ರೆ ನಾನೇ ಕಣೇ.”

“ಇರಬಹುದು. ಆದರೆ ಅವರು ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕಲ್ಲ. ಮಂಡಿನೋವು ಅಂದೆ, ಬಹಳ ಸಂತೋಷ ಅಂದ್ರು. ಅದೊಂದರಲ್ಲಿ ಮಾತ್ರ ನಿಮ್ಮ ಹಾಗೇ.”

ಚಲುವನಾರಾಯಣರು ನಕ್ಕರು. ಆ ಮಾತಿಗೆ ಅವತ್ತು ನಗಬಾರದಿತ್ತು.

ಮೊದಮೊದಲು ಎಲ್ಲ ಸೊಗಸಾಗಿತ್ತು. ಎಂ-80 ಗಾಡಿಯ ಸೀಟಿನ ಮೇಲೆ ಧೂಳು ಕೂತಿತು. ಅವರ ಹೊಟ್ಟೆ ಹಗುರಾಯಿತು. ಒಂದು ದಿನ ನಿಜವಾದ ಕೆಲಸವೊಂದಕ್ಕೆ ದುದ್ದದ ಬೋರಪ್ಪನಿಗೆ ತಾವೇ ಫೋನ್ ಮಾಡಿದರು. “ನಮಸ್ಕಾರ ಬೋರಪ್ಪ, ನಾನು ಚಲುವನಾರಾಯಣ” ಎನ್ನುವಷ್ಟರಲ್ಲಿ ಆ ಕಡೆಯಿಂದ ಪೀಂ ಎಂದು ಒಂದು ಒತ್ತಿದ ಸದ್ದು ಬಂತು, ಫೋನ್ ಕೂತಿತು. ಮತ್ತೆ ಮಾಡಿದರು. ಮತ್ತೆ ಪೀಂ. ಮೂರನೇ ಸಲ, “ಲೋ ಬೋರಪ್ಪ, ಇಡಬೇಡ ಕಣೋ, ನಾನು ಮನುಷ್ಯ!” ಎಂದು ಕಿರುಚಿದರು.

“ಆ! ಈಗ ಗೊತ್ತಾಯ್ತು ಬುಡಿ ಸಾ,” ಎಂದ ಬೋರಪ್ಪ. “ಮಿಸೀನು ಇಂಗೆ ಮರ್ವಾದೆ ಬುಟ್ಟು ಕೂಗಾಕಿಲ್ಲ.”

ಅಲ್ಲಿಂದ ಮುಂದೆ ತಾವು ಮನುಷ್ಯರೆಂದು ತೋರಿಸಬೇಕಾದಾಗೆಲ್ಲ ಅವರು ಬೈಗುಳದಿಂದ ಮಾತು ಶುರುಮಾಡಬೇಕಾಯಿತು. ಪಾರಾಯಣದ ಮನೆತನದಲ್ಲಿ ಇದಕ್ಕೆ ಅಭ್ಯಾಸವಿರಲಿಲ್ಲ, ಕಲಿತರು.

ಅದೇ ಬೋರಪ್ಪ ಒಂದು ದಿನ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ. ನಗುತ್ತಿರಲಿಲ್ಲ.

“ಏನ್ ಸಾ, ನಂಜಪ್ಪನ ಅವ್ವ ಸತ್ತಿದ್ಕೆ ಸಂತೋಸ ಅಂದ್ರಂತೆ?”

ಚಲುವನಾರಾಯಣರಿಗೆ ಬಸ್‌ಸ್ಟ್ಯಾಂಡ್ ಗರ್ರನೆ ತಿರುಗಿದಂತಾಯಿತು. ಚಿಕ್ಕಲಕ್ಷ್ಮಮ್ಮ ಹೋದದ್ದೇ ಅವರಿಗೆ ಗೊತ್ತಿರಲಿಲ್ಲ. ಬೋರಪ್ಪ ಹೇಳಿದ ಮೇಲೆ ಎಲ್ಲ ತಿಳಿಯಿತು: ಫೋನಿನಲ್ಲಿದ್ದದ್ದು ಯಂತ್ರ ಎಂದು ಯಾರು ಹೇಳಿದರೂ ನಂಜಪ್ಪ ನಂಬುತ್ತಿಲ್ಲವಂತೆ. ಮುದುಕಿಯನ್ನು ಅಂಗಳದಲ್ಲಿ ಮಲಗಿಸಿದ್ದಾಗ ಫೋನ್ ಬಂದಿದೆ. ಕೆಮ್ಮು ಕೇಳಿದೊಡನೆ ನಂಜಪ್ಪ, ಅಯ್ನೋರಿಗೆ ಹೇಗೋ ಸುದ್ದಿ ಮುಟ್ಟಿ ಫೋನ್ ಮಾಡಿದ್ದಾರೆ ಅಂದುಕೊಂಡು ಬಿಕ್ಕಿದ್ದಾನೆ. ಮನೆಯಲ್ಲೆಲ್ಲ ಕ್ಷೇಮವೇ ಎಂದು ದನಿ ಕೇಳಿದೆ. “ಅವ್ವ ಓಗ್ಬುಟ್ಲು ಸಾ, ಈಗ್ತಾನೆ” ಎಂದಿದ್ದಾನೆ.

“ಬಹಳ ಸಂತೋಷ,” ಎಂದಿದೆ ದನಿ. “ನಾಡಿದ್ದು ನಿಮ್ಮ ಲೋಡು ಬರಬೇಕು.”

ನಂಜಪ್ಪ ಫೋನ್ ಇಟ್ಟಿದ್ದಾನೆ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದಿದೆ. ಆಗ ಎತ್ತಿದವನು ಅವನ ಭಾವಮೈದ. ಅವನೂ ಹೇಳಿದ್ದಾನೆ, ಅವನಿಗೂ ಬಹಳ ಸಂತೋಷ. ಮಣ್ಣಿಗೆ ತೆಗೆದುಕೊಂಡು ಹೋಗುವವರೆಗೂ ಹೀಗೇ, ಬಂದ ನೆಂಟರಲ್ಲಿ ಒಬ್ಬರಾದ ಮೇಲೊಬ್ಬರು ಫೋನ್ ಎತ್ತಿ, ದುಃಖ ತೋಡಿಕೊಂಡು, ಚಲುವನಾರಾಯಣರ ಸಂತೋಷವನ್ನು ಕೇಳಿಸಿಕೊಂಡಿದ್ದಾರೆ. ಕೊನೆಗೆ ಯಾರೋ ತಂತಿ ಕಿತ್ತಿದ್ದಾರೆ. ತಿಥಿಯ ಹಿಂದಿನ ದಿನ ತಂತಿ ಸಿಕ್ಕಿಸಿ ನಂಜಪ್ಪ ಕಾದು ಕೂತಿದ್ದು, ಕೆಮ್ಮು ಕೇಳಿದ ಕೂಡಲೇ, “ಆಗಿದ್ದಾಯ್ತು ಸಾ, ನಾಳೀಕೆ ತಿಥಿ, ಬಂದ್ಬುಡಿ, ಅವ್ವ ನಿಮ್ಮೆಸರು ಇಡ್ಕಂಡೇ ಓದ್ಲು” ಎಂದಿದ್ದಾನೆ. ಬಹಳ ಸಂತೋಷ ಎಂದಿದ್ದಾರೆ. ಬಂದಿಲ್ಲ.

ಚಲುವನಾರಾಯಣರು ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ಮಾಲೀಕರ ಕೋಣೆಗೆ ಹೋದರು.

“ಸರ್, ನನ್ನ ದನಿ ವಾಪಸ್ ಕೊಡಿ.”

ಗೌರೀಶಂಕರರು ಕೆಟ್ಟವರಲ್ಲ. ಎಲ್ಲ ಕೇಳಿ ಲೊಚಗುಟ್ಟಿದರು. ಆದರೆ ದನಿಯನ್ನು ತೆಗೆಯಲು ಪ್ರದ್ಯುಮ್ನ ಬರಬೇಕು. ಅವನು ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿಗಳಿಗೆ ಇಂಥದೇ ಇನ್ನೊಂದು ಯಂತ್ರ ಕಟ್ಟಿಕೊಡಲು ಹೋಗಿ ‘ಈ ವಾರ ಬರ್ತೀನಿ ಸಾರ್’ ಎನ್ನುತ್ತಿದ್ದಾನೆ. ನಿಲ್ಲಿಸೋಣವೆಂದರೆ, ಬೆಂಗಳೂರಿನ ಬಿಸ್ಕತ್ತಿನವರು ಅದನ್ನು ನೋಡಲು ಬರುವವರಿದ್ದಾರೆ.

“ಹಾಗಾದರೆ ನಾನು ರಾಜೀನಾಮೆ ಕೊಡ್ತೀನಿ ಸರ್.”

“ಕೊಡಿ ಬೇಕಾದರೆ. ಆದರೆ ಅದರಿಂದೇನು? ನೀವು ಹೋದರೂ ನಿಮ್ಮ ದನಿ ಇಲ್ಲೇ ಇರುತ್ತೆ.” ಧೈರ್ಯ ಹೇಳುವವರ ಹಾಗೆ ಅವರ ಬೆನ್ನು ತಟ್ಟಿದರು. “ಹೆದರ್ಬೇಡಿ, ಚೆನ್ನಾಗಿ ನೋಡ್ಕೋತೀವಿ.”

ಚಲುವನಾರಾಯಣರು ಹೊರಗೆ ಬಂದು ನಿಂತರು. ಯಂತ್ರದ ಕೋಣೆಗೆ ಬೀಗ, ಬೀಗದ ಕೈ ಮಾಲೀಕರ ಜೇಬಿನಲ್ಲಿ. ಒಳಗೆ ಅವರದೇ ದನಿ ಯಾರದೋ ಮನೆಯ ಕ್ಷೇಮ ವಿಚಾರಿಸುತ್ತಿತ್ತು. ಕೆಲಸದಲ್ಲಿದ್ದರೆ ಅದರ ಜೊತೆ ಇರಬೇಕು. ಬಿಟ್ಟು ಹೋದರೆ, ಬಿಟ್ಟು ಹೋದ ಮೇಲೂ ಅದು ಅವರ ಹೆಸರು ಹೇಳಿಕೊಂಡು ಊರೂರು ಸುತ್ತುತ್ತದೆ. ಫೋನಿನಲ್ಲಿ ಕ್ಷಮೆ ಕೇಳೋಣವೆಂದು ನಂಜಪ್ಪನಿಗೆ ಮಾಡಿದರು. ಕೆಮ್ಮದೆ, ಉಸಿರು ಹಿಡಿದು, “ನಂಜಪ್ಪಾ” ಎಂದರು. ಆ ಕಡೆ ಮಾತಿಲ್ಲದೆ ಫೋನ್ ಕೂತಿತು. ಬೈದು ಶುರುಮಾಡಲು ಆ ಮನೆಗೆ ಬಾಯಿ ಬರಲಿಲ್ಲ.

ಮರುದಿನ ಗಾಡಿಯ ಧೂಳು ಒರೆಸಿ ನುಗ್ಗೇಹಳ್ಳಿಗೆ ಹೊರಟರು. ಅರಳಿಕಟ್ಟೆಯ ಮೇಲೆ ಕೂತಿದ್ದವರು ದೂರದಿಂದಲೇ ಗುರುತು ಹಿಡಿದರು.

“ಬಂದ್ರಪ್ಪೋ ಸಂತೋಸದ ಸಾಯೇಬ್ರು!”

“ತಡಿಲಾ, ಇನ್ಯಾರ್ ಮನೇಲಿ ಏನಾಯ್ತೋ!”

ನಂಜಪ್ಪ ಜಗಲಿಯ ಮೇಲೆ ಕೂತಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು. ಚಲುವನಾರಾಯಣರು ಎಂದಿನ ಕಂಬಕ್ಕೆ ಒರಗಿ ಕೂತರು. ಎದುರಿಗೆ ಚಿಕ್ಕಲಕ್ಷ್ಮಮ್ಮ ಕುಕ್ಕರಗಾಲಲ್ಲಿ ಕೂರುತ್ತಿದ್ದ ಜಾಗ ಬರಿದಾಗಿತ್ತು. ಬಾಗಿಲ ಸಂದಿಯಲ್ಲಿ ನಂಜಪ್ಪನ ಹೆಂಡತಿ ರೇವಮ್ಮ ಒಮ್ಮೆ ಇಣುಕಿ ಒಳಗೆ ಹೋದಳು. ಬಹಳ ಹೊತ್ತಾಯಿತು. ಹಾಲು ಬರಲಿಲ್ಲ.

ಅವರಿಗೆ ಅಳು ಬಂದದ್ದು ಆಗ.

“ನಂಜಪ್ಪ, ಅದು ನಾನಲ್ಲಪ್ಪ. ಮಿಷನ್ನು.”

“ಮಿಸೀನು ನಿಮ್ಮಂಗೇ ಕೆಮ್ಮುತ್ತಾ ಸಾ?”

“ಕೆಮ್ಮು ನಂದೇ.”

“ದನಿ?”

“ದನಿಯೂ ನಂದೇ.”

“ಮನೇಲೆಲ್ಲ ಚೆಂದಾಗಿದೀರಾ ಅಂತ ಕೇಳಿದ್ದು?”

“ಅದು… ನಾನೇ ಹೇಳಿ ಸೇರಿಸಿದ್ದು.”

“ಸಂತೋಸ ಅಂದಿದ್ದು?”

“ನಾನೇ.”

“ಮತ್ತೆ ಯಾವ್ದು ಸಾ ನೀವಲ್ಲದ್ದು?” ಎಂದ ನಂಜಪ್ಪ.

ಚಲುವನಾರಾಯಣರು ಓದಿದ ಬಿ.ಕಾಂ.ನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು.

“ಇಗಾ, ಸ್ವಾಮೇರ್ದು ಫೋನು!” ಎಂದು ರೇವಮ್ಮ ಕೂಗಿದಳು.

“ಸ್ವಾಮೇರು ಇಲ್ಲೇ ಕುಂತವ್ರಲ್ಲಮ್ಮೀ,” ಎಂದ ನಂಜಪ್ಪ.

“ಇಲ್ಲೂ ಅವ್ರೆ, ಬಂದು ಕೇಳು!”

ನಂಜಪ್ಪ ಎದ್ದು ಒಳಗೆ ಹೋದ. ರಾಗಿ ಕಣಜದ ಪಕ್ಕದ ಗೂಡಿನಲ್ಲಿ ಫೋನ್. ರಿಸೀವರನ್ನು ಕಿವಿಗೆ ಹಿಡಿದು, ಹೊಸ್ತಿಲ ಆಚೆ ಕಂಬಕ್ಕೆ ಒರಗಿದ್ದ ಚಲುವನಾರಾಯಣರನ್ನು ದಿಟ್ಟಿಸಿದ. ಕಿವಿಯಲ್ಲಿ ಅವರು ಮಾತಾಡುತ್ತಿದ್ದಾರೆ. ಎದುರಿಗೆ ಅವರ ಬಾಯಿ ಮುಚ್ಚಿದೆ. ನಂಜಪ್ಪನ ಮುಖ ನಿಧಾನವಾಗಿ ಬದಲಾಯಿತು. ಕೈಸನ್ನೆ ಮಾಡಿ ಕರೆದು, ರಿಸೀವರನ್ನು ಅವರ ಕೈಗೇ ಕೊಟ್ಟ.

“ತಕಳಿ. ನೀವ್ನೀವೇ ಮಾತಾಡ್ಕಳಿ.”

ಚಲುವನಾರಾಯಣರು ಕಿವಿಗಿಟ್ಟುಕೊಂಡರು. ತಂದೆಯವರ ಕಂಠವೇ. ಎಷ್ಟು ಅಕ್ಕರೆ, ಎಷ್ಟು ಜೇನು!

“ಮನೆಯಲ್ಲೆಲ್ಲ ಕ್ಷೇಮವೇ?” ಎಂದಿತು ಅದು. ಎಂದು, ಅವರೇ ಕೊಡಿಸಿದ್ದ ಬಿಡುವಿನಲ್ಲಿ ಸುಮ್ಮನೆ ಕಾಯಿತು.

“ಚಿಕ್ಕಲಕ್ಷ್ಮಮ್ಮ ಹೋಗಿಬಿಟ್ಟರು ಕಣಯ್ಯಾ,” ಎಂದರು ಚಲುವನಾರಾಯಣರು ಮೆಲ್ಲಗೆ. ಅವಳು ಹೋದದ್ದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಬಹಳ ಸಂತೋಷ.”

ಕೆನ್ನೆಗೆ ಹೊಡೆದ ಹಾಗಾಯಿತು. ನಂಜಪ್ಪ ಏನು ಕೇಳಿಸಿಕೊಂಡಿದ್ದನೋ ಅದನ್ನು ಅವರೂ ಕೇಳಿಸಿಕೊಂಡರು. ಕಣ್ಣು ತುಂಬಿತು. ನಂಜಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಅವರ ಕೈಗೆ ತುರುಕಿದ.

“ಬುಡಿ ಸಾ. ಅದ್ಕೇನ್ ಗೊತ್ತು. ನಿಮ್ಮ ದನಿ ಅದ್ಕೆ ಐತೆ, ನೀವಿಲ್ಲ ಅದ್ರಾಗೆ.” ಆಮೇಲೆ ಕೇಳಿದ: “ಈಗ ಒಂದು ಒತ್ತಾನಾ, ಎರಡು ಒತ್ತಾನಾ?”

ಒಂದು ಒತ್ತಿದರೆ, ಸಾವಾದ ಮನೆಯಲ್ಲಿ ಇನ್ನೂ ಯಾರೂ ತೋಟದ ಕಡೆ ಹೋಗದೆ ಇರುವಾಗ ಲೋಡು ಕಳಿಸಲೇಬೇಕು. ಎರಡು ಒತ್ತಿದರೆ ಆ ಮನೆಯ ಹೆಸರಿಗೆ ಕೆಂಪು ಅಂಕ. ಒತ್ತದೆ ಇಟ್ಟರೆ ಅರ್ಧ ಗಂಟೆಗೆ ಮತ್ತೆ ಕೆಮ್ಮು. ಚಲುವನಾರಾಯಣರು ರಿಸೀವರನ್ನು ರಾಗಿ ಕಣಜದ ಮುಚ್ಚಳದ ಮೇಲೆ ಅಂಗಾತ ಮಲಗಿಸಿದರು.

“ಇಲ್ಲೇ ಇರಲಿ. ಉತ್ತರ ಕೊಡೋವರೆಗೂ ಅದು ಜಾಗ ಬಿಟ್ಟು ಹೋಗಲ್ಲ. ಇಲ್ಲಿ ಕೂತಿರೋವರೆಗೂ ಇನ್ನೊಬ್ಬರ ಮನೆಗೂ ಹೋಗಲ್ಲ. ಇರೋದು ಒಂದೇ ಲೈನ್.”

ನಂಜಪ್ಪ ಕಣಜವನ್ನೂ ಅವರನ್ನೂ ನೋಡಿದ. ತಾಯಿ ಹೋದ ಮೇಲೆ ಮೊದಲ ಸಲ ಅವನಿಗೆ ನಗು ಬಂತು.

“ಅಂಗಾರೆ ಸ್ವಾಮೇರ್ನ ಗೂಟಕ್ಕೆ ಕಟ್ಟಾಕ್ದಂಗಾಯ್ತು ಅನ್ನಿ! ಅಮ್ಮೀ, ಆಲು ಕಾಸು.”

‘ಹಾಲು ಬೇಡ, ರೊಟ್ಟಿ ಇದ್ದರೆ ಕೊಡಿ’ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದು ಚಲುವನಾರಾಯಣರಿಗೆ ಅನ್ನಿಸಿತು. ಒಳಗಿನಿಂದ ಹುಚ್ಚೆಳ್ಳು ಚಟ್ನಿಯ ಘಮವೂ ಬರುತ್ತಿತ್ತು. ಆದರೆ ಈಗ ತಾನೇ ಮರಳಿ ಸಿಕ್ಕಿದ ಮನೆಯಲ್ಲಿ ಬೇಡ ಎಂಬ ಮಾತನ್ನು ಹೇಗೆ ಆಡುವುದು? ರೇವಮ್ಮ ಚೊಂಬು ತಂದಿಟ್ಟು, ಅತ್ತೆ ಕೂರುತ್ತಿದ್ದ ಜಾಗದಲ್ಲಿ, ಅತ್ತೆಯ ಹಾಗೇ ಕುಕ್ಕರಗಾಲಲ್ಲಿ ಕೂತಳು.

“ತಳದಾಗೆ ಸಕ್ಕರೆ ಅದೆ ಸ್ವಾಮಿ.”

ಅವರು ಅಲ್ಲಾಡಿಸಿಕೊಂಡು, ಕೆನೆಯ ಸಮೇತ, ತಳದವರೆಗೂ ಕುಡಿದರು.

ಹೊತ್ತಿಳಿಯಿತು. ಒಳಗೆ ಕಣಜದ ಮೇಲೆ ದನಿ ಒಂದೇ ಸಮನೆ ಹೇಳುತ್ತಲೇ ಇತ್ತು. “ಪಾಪ, ಗಂಟಲೊಣಗಾಕಿಲ್ವಾ ಅದ್ಕೆ” ಎಂದು ರೇವಮ್ಮ ಮರುಗಿದಳು. ಚಲುವನಾರಾಯಣರು ಹೊರಡಲೆಂದು ಎದ್ದರು, ಮತ್ತೆ ಕೂತರು. ತಾವು ಹೋದ ಮೇಲೆ ಯಾರಾದರೂ ಮರೆತು ಆ ರಿಸೀವರನ್ನು ಎತ್ತಿಟ್ಟರೆ ದನಿ ಬಿಡುಗಡೆಯಾಗಿ ದುದ್ದಕ್ಕೋ ಇನ್ನೆಲ್ಲಿಗೋ ಹೊರಟುಬಿಡುತ್ತದೆ. ಅಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ! ಅದನ್ನು ಇಲ್ಲಿ ಕಟ್ಟಿಹಾಕಿದ್ದೇನೋ ಸರಿ, ಕಾಯಲು ತಾವೂ ಇಲ್ಲೇ ಕೂರಬೇಕು ಎಂಬುದು ಅವರಿಗೆ ಹೊಳೆದಿರಲಿಲ್ಲ.

“ಇದ್ಬುಡಿ ಸಾ ಇವತ್ತು,” ಎಂದ ನಂಜಪ್ಪ, ಅವ್ವನ ಕಂಬಳಿಯನ್ನು ತಂದು ಜಗಲಿಯ ಮೇಲೆ ಹಾಸುತ್ತ.

ರೇವಮ್ಮ ಬರಿದಾದ ಚೊಂಬನ್ನು ಎತ್ತಿಕೊಂಡಳು. “ಇನ್ನೊಂದ್ ಚೊಂಬು ಆಲು ತರ್ಲಾ ಸ್ವಾಮಿ?”

ಚಲುವನಾರಾಯಣರು ಬೇಡವೆನ್ನಲು ಬಾಯಿ ತೆರೆಯುವ ಮೊದಲೇ, ಕಣಜದ ಮೇಲಿನಿಂದ ಅವರ ದನಿ ಅಕ್ಕರೆಯಿಂದ ಹೇಳಿತು:

“ಬಹಳ ಸಂತೋಷ.”

ರೇವಮ್ಮ ಹಾಲು ತರಲು ಒಳಗೆ ಹೋದಳು.